ಕೆಂಪು ದಾರ ಕಟ್ಟದ ಅದೆಲ್ಮೊ

ಅದೆಲ್ಮೊ ಬ್ರೋಜಿ ಪುಕ್ಕಲ. ನಮ್ಮ ಮೊಂತೆರೊಸೋಲೊ ಊರಿನಲ್ಲಿ ಇದನ್ನು ಯಾರೂ ಬೈಗುಳವಾಗಿ ಹೇಳುವುದಿಲ್ಲ. ಇವನಿಗೆ ಎಡಗೈ ರೂಢಿ ಎಂದೋ, ಅವಳಿಗೆ ಈರುಳ್ಳಿ ಒಗ್ಗುವುದಿಲ್ಲ ಎಂದೋ ಹೇಳುವ ದನಿಯಲ್ಲೇ ಹೇಳುತ್ತಾರೆ. ಹಲ್ಲು ಕೀಳಿಸಿಕೊಳ್ಳಲು ಸಿಯೆನಾ ಪಟ್ಟಣಕ್ಕೆ ಹೊರಟವನು ಬಸ್ಸು ಬಂದದ್ದನ್ನು ನೋಡಿ ಮನೆಗೆ ಮರಳಿದ. ಮತ್ತೊಮ್ಮೆ ಹೊರಟಾಗ ಅವನ ಹೆಂಡತಿ ನೆರೀನಾ ಜೊತೆಗೇ ಹೋಗಿ ವೈದ್ಯರ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಳು. ಅವನು ಏಣಿ ಹತ್ತುವುದಿಲ್ಲ. ಹೆಬ್ಬಾತು ಇರುವ ಅಂಗಳಕ್ಕೆ ಕಾಲಿಡುವುದಿಲ್ಲ. ಊರ ಸಭೆಯಲ್ಲಿ ಒಪ್ಪಿಗೆಗೆ ಕೈ ಎತ್ತಿ ಎಂದರೆ ಭುಜದ ತನಕ ಎತ್ತಿ, ಅಕ್ಕಪಕ್ಕ ನೋಡಿ, ಅದೇ ಕೈಯಲ್ಲಿ ತಲೆ ಕೆರೆದುಕೊಳ್ಳುತ್ತಾನೆ. ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವಾಗ ನಾನು ಬಗೆಬಗೆಯ ಪುಕ್ಕಲರನ್ನು ಕಂಡಿದ್ದೇನೆ. ಹೆಚ್ಚಿನವರು ಗಟ್ಟಿ ದನಿಯಲ್ಲಿ ಮಾತಾಡಿ ಅದನ್ನು ಮುಚ್ಚಿಡುತ್ತಾರೆ. ಅದೆಲ್ಮೊ ಅಷ್ಟು ಶ್ರಮವನ್ನೂ ತೆಗೆದುಕೊಂಡವನಲ್ಲ.

ಇಂಥವನ ಕಸುಬು ಸೈಕಲ್ ರಿಪೇರಿ. ಆದರೆ ಅವನು ಸೈಕಲ್ ಹತ್ತುವುದಿಲ್ಲ. ಅದಕ್ಕೊಂದು ಕಾರಣವಿದೆ, ಊರಿನ ಎಲ್ಲರಿಗೂ ಅದು ಬಾಯಿಪಾಠ. ಹತ್ತೊಂಬತ್ತರ ಹರೆಯದಲ್ಲಿ ಅವನು ಸುತ್ತಲಿನ ಊರುಗಳ ಪಂದ್ಯದಲ್ಲಿ ಎಲ್ಲರಿಗಿಂತ ಮುಂದಿದ್ದ. ಊರಿನಿಂದ ಸೇತುವೆಗೆ ಇಳಿಯುವ ಬಿಳಿ ಜಲ್ಲಿಯ ದಾರಿಯಲ್ಲಿ ಅತ್ತೆ ತಿರುವು ಎಂಬ ಒಂದು ತಿರುವಿದೆ. ಮುನ್ಸೂಚನೆ ಕೊಡದೆ ಎದುರಾಗುತ್ತದೆ, ತಪ್ಪು ಮಾಡಿದವರನ್ನು ಕ್ಷಮಿಸುವುದಿಲ್ಲ. ಅದಕ್ಕೇ ಆ ಹೆಸರು. ಅಲ್ಲಿಗೆ ಬಂದ ಅದೆಲ್ಮೊ ಬ್ರೇಕು ಹಿಡಿದು, ಇಳಿದು, ಸೈಕಲನ್ನು ತಳ್ಳಿಕೊಂಡು ತಿರುವು ದಾಟಿದ. ಅವನು ದಾಟುವಷ್ಟರಲ್ಲಿ ಪಂದ್ಯದ ಉಳಿದವರೆಲ್ಲ ಅವನನ್ನು ದಾಟಿದ್ದರು. ಆಮೇಲೆ ಅವನು ಸೀಟಿನ ಮೇಲೆ ಕುಳಿತದ್ದನ್ನು ಯಾರೂ ಕಂಡಿಲ್ಲ. ಪ್ಯಾಂಟಿನ ಅಂಚು ಚೈನಿಗೆ ಸಿಗದಂತೆ ಸವಾರರು ಬಲಗಾಲಿಗೆ ಸಿಕ್ಕಿಸಿಕೊಳ್ಳುವ ಉಕ್ಕಿನ ಕ್ಲಿಪ್ಪುಗಳನ್ನು ಅವನು ತನ್ನ ಅಂಗಡಿಯಲ್ಲಿ ಒಂದು ಡಬ್ಬಿ ತುಂಬ ಇಟ್ಟುಕೊಂಡು ಮಾರುತ್ತಾನೆ. ಅವನ ಪ್ಯಾಂಟು ಮಾತ್ರ ಸದಾ ಪಟಪಟ ಹಾರಾಡುತ್ತಿರುತ್ತದೆ. ರಿಪೇರಿಯಾದ ಸೈಕಲನ್ನು ಮನೆಗೆ ತಲುಪಿಸಬೇಕಾದರೂ ಕರು ಹೊಡೆದುಕೊಂಡು ಹೋಗುವವನಂತೆ ಪಕ್ಕದಲ್ಲಿ ನಡೆಸಿಕೊಂಡು ಹೋಗುತ್ತಾನೆ.

ಮೇ ತಿಂಗಳಲ್ಲಿ ನಮ್ಮಲ್ಲಿ ಹಳೆಯ ಸೈಕಲ್ಲುಗಳ ಸವಾರಿ ನಡೆಯುತ್ತದೆ. ಉಕ್ಕಿನ ಹಳೆಯ ಸೈಕಲ್ಲು, ಉಣ್ಣೆಯ ಅಂಗಿ, ಬಿಳಿ ದಾರಿ. ಕೊನೆಯಲ್ಲಿ ಅತ್ತೆ ತಿರುವು ಇಳಿದರೆ ಸೇತುವೆಯ ಬಳಿ ಊಟ. ಸವಾರಿಗೆ ಹೊರಡುವ ಪ್ರತಿ ಸೈಕಲ್ಲಿನ ಸೀಟಿನ ಕೆಳಗೆ ಒಬ್ಬ ಮೆಕ್ಯಾನಿಕ್ ತನ್ನ ಭರವಸೆಯ ಗುರುತಾಗಿ ಕೆಂಪು ಉಣ್ಣೆಯ ದಾರ ಕಟ್ಟಿರಬೇಕು. ದಾರ ಕಟ್ಟಿದವನು ಸುಮ್ಮನೆ ಮನೆಗೆ ಹೋಗುವಂತಿಲ್ಲ. ತಾನು ದಾರ ಕಟ್ಟಿದ ಸೈಕಲ್ಲು ಇಳಿದು ಹೋಗುವ ತನಕ ಅವನು ಅತ್ತೆ ತಿರುವಿನ ಹೊರ ಅಂಚಿನಲ್ಲಿ ನಿಂತಿರಬೇಕು. ಸೈಕಲ್ಲು ಕೈಕೊಟ್ಟರೆ ಸವಾರ ಬಂದು ಬೀಳುವುದು ಅಲ್ಲಿಗೇ. ಯಾವ ಹಿರಿಯರು ಮಾಡಿದ ಕಟ್ಟಳೆಯೋ ತಿಳಿಯದು, ಆದರೆ ಯೋಚಿಸಿ ಮಾಡಿದ್ದು.

ಅದೆಲ್ಮೊ ಈ ದಾರವನ್ನು ಒಮ್ಮೆಯೂ ಕಟ್ಟಿಲ್ಲ. "ರಿಪೇರಿ ನಂದು, ನಂಬಿಕೆ ನಿಮ್ದು" ಎನ್ನುತ್ತಾನೆ. ಅವನು ರಿಪೇರಿ ಮಾಡಿಕೊಟ್ಟ ಸೈಕಲ್ಲನ್ನು ಜನ ಪಕ್ಕದ ಊರಿಗೆ ಒಯ್ಯುತ್ತಾರೆ. ಅಲ್ಲಿನ ಮೆಕ್ಯಾನಿಕ್ ಸೆತ್ತೀಮಿಯೊ ಒಂದು ಲೋಟ ವೈನು ಕುಡಿದು, ಸೈಕಲ್ಲಿನ ಬೆನ್ನು ತಟ್ಟಿ, ದಾರ ಕಟ್ಟಿ ಕಳಿಸುತ್ತಾನೆ.

ಈ ಕಥೆ ನಡೆದ ವರ್ಷ ಫೊಸ್ಕಾಗೆ ಎಪ್ಪತ್ತು ತುಂಬಿತ್ತು.

ಫೊಸ್ಕಾ ನಮ್ಮ ಊರಿನ ಅಂಚೆ ಹಂಚುತ್ತಿದ್ದವಳು. ನೀಲಿ ಬಣ್ಣದ ಪಂದ್ಯದ ಸೈಕಲ್ಲೊಂದನ್ನು ಇಪ್ಪತ್ತರ ವಯಸ್ಸಿನಲ್ಲಿ ಕೊಂಡು, ಅದರ ಮೇಲೆ ಪತ್ರಗಳ ಚೀಲ ಹೇರಿಕೊಂಡು ಈ ಗುಡ್ಡಗಳನ್ನೆಲ್ಲ ಹತ್ತಿಳಿದವಳು. ಹುಡುಗಿಯರ ಪಂದ್ಯ ಇಲ್ಲಿ ಒಂದೇ ಒಂದು ಸಲ ನಡೆದಾಗ ಗೆದ್ದವಳು ಅವಳೇ. ಉಳಿದಿಬ್ಬರು ಅತ್ತೆ ತಿರುವಿನಲ್ಲಿ ನೇರವಾಗಿ ದ್ರಾಕ್ಷಿ ತೋಟದೊಳಕ್ಕೆ ಹೋಗಿದ್ದರು. ಎಪ್ಪತ್ತು ತುಂಬುವ ವರ್ಷ, ಹರೆಯದಲ್ಲಿ ಓಡಿಸಿದ ಅದೇ ಸೈಕಲ್ಲಿನ ಮೇಲೆ ಬಂದವರಿಗೆ ಸವಾರಿಯ ಮುಂದಾಳತ್ವ ಸಿಗುತ್ತದೆ. ಬೇರೆ ಸೈಕಲ್ಲಾದರೆ ಸಾಲಿನಲ್ಲಿ ಎಲ್ಲಾದರೂ ಸೇರಿಕೊಳ್ಳಬಹುದು, ಅಷ್ಟೆ. ಮುಂದಿನ ವರ್ಷಕ್ಕೆ ಎಪ್ಪತ್ತೊಂದು, ಅದಕ್ಕೆ ಬೆಲೆಯಿಲ್ಲ. ಹೆಂಗಸೊಬ್ಬಳು ಮುಂದೆ ಹೋಗುವುದು ಅದೇ ಮೊದಲು. ಫೊಸ್ಕಾ ಚಳಿಗಾಲದಿಂದಲೇ ಗುಡ್ಡ ಹತ್ತಿ ತಯಾರಿ ನಡೆಸಿದ್ದಳು.

ಸವಾರಿಗೆ ಇನ್ನು ಕೆಲವೇ ದಿನ ಉಳಿದಿರುವಾಗ ಅವಳ ಭಾವ ಗ್ವಾಲ್ತಿಯೇರೊ ತನ್ನ ಮೂರು ಚಕ್ರದ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತ, ದಿನಸಿ ಅಂಗಡಿಯ ಗೋಡೆಗೆ ಎದುರು ಮಾಡಿ ನಿಲ್ಲಿಸಿದ್ದ ನೀಲಿ ಸೈಕಲ್ಲನ್ನು ಹಿಂದಿನಿಂದ ಒತ್ತಿ ಗೋಡೆಗೆ ಗುದ್ದಿಸಿದ. ಗ್ವಾಲ್ತಿಯೇರೊ ನಮ್ಮ ಹಳೆಯ ಸೈಕಲ್ಲುಗಳ ಸಂಘದ ಅಧ್ಯಕ್ಷ. ಅವನ ಜೇಬಿನಲ್ಲಿ ಸೈಕಲ್ ಒರೆಸುವ ಮೆತ್ತನೆಯ ಬಟ್ಟೆ ಸದಾ ಇರುತ್ತದೆ. ಗಾಡಿಯಿಂದ ಇಳಿದವನು ಮೊದಲು ನೋಡಿದ್ದು ಬಣ್ಣ ಹೋಗಿದೆಯೇ ಎಂದು.

ನಾನು ಅದೆಲ್ಮೊನ ಅಂಗಡಿಗೆ ಹೋದದ್ದು ಕುಕ್ಕರಿನ ಹಿಡಿ ಕೂರಿಸಿಕೊಳ್ಳಲು. ಫೊಸ್ಕಾ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದಳು. ಹಿಂದೆಯೇ ಮದುವೆ ಮನೆಯಲ್ಲಿ ತಟ್ಟೆ ಒಡೆದವನ ಮುಖ ಮಾಡಿಕೊಂಡು ಗ್ವಾಲ್ತಿಯೇರೊ ಬಂದ.

"ಅದೆಲ್ಮೊ, ನೋಡೋ ಇದನ್ನ. ಏನಾಗಿದೆ ಹೇಳು. ಸುಳ್ಳು ಹೇಳ್ಬೇಡ, ಹೆದರಿಸ್ಲೂ ಬೇಡ," ಎಂದಳು ಫೊಸ್ಕಾ.

ಅದೆಲ್ಮೊ ದೂರದಿಂದಲೇ ನೋಡಿದ. "ಮುಂದಿನ ಚಕ್ರ ಎಂಟರ ಹಾಗೆ ತಿರುಚಿದೆ. ಅದನ್ನ ಹಿಡಿದಿರೋ ಫೋರ್ಕು ಹಿಂದಕ್ಕೆ ಬಾಗಿದೆ. ಎದುರಿನಿಂದ ಗುದ್ದು ಬಿದ್ದಿದೆ ಅಂದ್ರೆ ಫ್ರೇಮು ಸತ್ತಿರುತ್ತೆ. ಗೋಡೆಗೆ ನೇತು ಹಾಕೋಣ್ವಾ?"

ಅಂಗಡಿಯ ಗೋಡೆ ತುಂಬ ಅವನು ಸತ್ತಿವೆ ಎಂದು ತೀರ್ಮಾನಿಸಿದ ಫ್ರೇಮುಗಳೇ ನೇತಾಡುತ್ತಿದ್ದವು.

"ನಿನ್ನನ್ನೇ ನೇತು ಹಾಕ್ತೀನಿ. ಮುಟ್ಟಿ ನೋಡದೆ ಸತ್ತಿದೆ ಅಂತೀಯಲ್ಲೋ!"

"ಸ್ವಲ್ಪ ಬಣ್ಣ ಬಿರುಕು ಬಿಟ್ಟಿದೆ, ಅಷ್ಟೆ," ಎಂದ ಗ್ವಾಲ್ತಿಯೇರೊ. "ನನ್ನ ಗಾಡಿ ನಿಧಾನವಾಗೇ ಬರ್ತಿತ್ತು."

"ಭಾವ, ನೀವು ಬಾಯಿ ಮುಚ್ಕೊಂಡಿರಿ. ನಿಮ್ಮ ನಿಧಾನಕ್ಕೇ ಗೋಡೆ ಸುಣ್ಣ ಉದುರಿದೆ."

ಅದೆಲ್ಮೊ ಚಕ್ರಗಳನ್ನು, ಹ್ಯಾಂಡಲನ್ನು, ಬಾಗಿದ ಫೋರ್ಕನ್ನು ಬಿಚ್ಚಿ ಬರಿಯ ಫ್ರೇಮನ್ನು ಹಗ್ಗದಲ್ಲಿ ತೂಗುಹಾಕಿದ. ಬೀಗದ ಕೈಯಿಂದ ಒಂದೊಂದು ಕೊಳವೆಗೂ ಮೆಲ್ಲಗೆ ತಟ್ಟಿ, ಕಿವಿಯಿಟ್ಟು ಕೇಳಿದ. ಫ್ರೇಮು ಟಿಣ್ ಎಂದಿತು. ಪಕ್ಕದಲ್ಲಿ ನೇತಾಡುತ್ತಿದ್ದ ಸತ್ತ ಫ್ರೇಮೊಂದಕ್ಕೂ ತಟ್ಟಿದ. ಅದು ಒಡೆದ ಮಡಕೆಯ ಹಾಗೆ ಸದ್ದು ಮಾಡಿತು. ನಂತರ ನೂಲೊಂದನ್ನು ಹಿಂಚಕ್ರ ಕೂರುವ ಒಂದು ಬದಿಯಿಂದ ಹಿಡಿದು, ಹ್ಯಾಂಡಲ್ ಕೊಳವೆಯನ್ನು ಸುತ್ತಿಸಿ, ಇನ್ನೊಂದು ಬದಿಗೆ ಎಳೆದು ಕಟ್ಟಿದ. ಸೀಟಿನ ಕೊಳವೆಯಿಂದ ನೂಲಿನ ದೂರ ಎರಡು ಬದಿಯಲ್ಲೂ ಒಂದೇ ಇತ್ತು. ಫ್ರೇಮು ಸೊಟ್ಟಗಾಗಿರಲಿಲ್ಲ. ಫೊಸ್ಕಾಳ ಮುಖ ಅರಳಿತು.

"ಇರು," ಎಂದು ಅದೆಲ್ಮೊ ಕೆಳಗಿನ ಕೊಳವೆಯ ಅಡಿಗೆ ಹೆಬ್ಬೆರಳು ಆಡಿಸಿದ. ಎದುರಿನಿಂದ ಗುದ್ದು ಬಿದ್ದಾಗ ಕೊಳವೆ ಮಡಚಿಕೊಳ್ಳುವುದು ಅಲ್ಲೇ, ಹ್ಯಾಂಡಲಿನ ಹಿಂದೆ. "ಉಬ್ಬು ಇಲ್ಲ. ಆದ್ರೆ ಗೆರೆ ಇದೆ. ಟೀಚರಮ್ಮ, ನೀವೇ ಮುಟ್ಟಿ ನೋಡಿ."

ಮುಟ್ಟಿದೆ. ಕೊಳವೆಗಳು ಕೂಡುವ ಬೆಸುಗೆಯ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಗೆರೆ. ಅದು ಬಣ್ಣದ್ದೋ ಉಕ್ಕಿನದ್ದೋ ಬೆರಳಿಗೆ ತಿಳಿಯುವಂತಿರಲಿಲ್ಲ.

"ಬಣ್ಣ ಕೆರೆದು ನೋಡಿದ್ರೆ ಗೊತ್ತಾಗುತ್ತೆ," ಎಂದೆ.

ಅಂಗಡಿ ಸ್ತಬ್ಧವಾಯಿತು. ನಮ್ಮ ಊರಿನಲ್ಲಿ ಅಜ್ಜಿಯ ಚಿನ್ನದ ಸರ ಕರಗಿಸೋಣ ಎಂದರೂ ಇಷ್ಟು ಮೌನ ಆವರಿಸದು. ಹಳೆಯ ಸೈಕಲ್ಲಿನ ಮೂಲ ಬಣ್ಣವನ್ನು ಇಲ್ಲಿ ಯಾರೂ ಕೆರೆಯುವುದಿಲ್ಲ. ತುಕ್ಕು ಹಿಡಿದರೆ ಎಣ್ಣೆ ಹಚ್ಚುತ್ತಾರೆ, ಸಿಪ್ಪೆ ಎದ್ದರೆ ಮೇಣ ಹಚ್ಚುತ್ತಾರೆ. ಬಣ್ಣ ಉಳಿಸಿಕೊಳ್ಳಲು ಹೋಗಿ, ಅದರಡಿಯ ಬಿರುಕು ಕಾಣದೆ ಬಿದ್ದು, ಕತ್ತಿನ ಎಲುಬು ಮುರಿದುಕೊಂಡವರೊಬ್ಬರು ನಮ್ಮ ಕೆಳಬೀದಿಯಲ್ಲೇ ಇದ್ದಾರೆ. ಅವರ ಸೈಕಲ್ಲಿಗೆ ಮೂಲ ಬಣ್ಣದ ಬಹುಮಾನ ಬಂತು. ಆಸ್ಪತ್ರೆಗೆ ತಂದು ಕೊಟ್ಟರು.

"ಕೆರೀತೀರಾ?" ಎಂದ ಗ್ವಾಲ್ತಿಯೇರೊ. "ಆ ನೀಲಿ ಬಣ್ಣ ಈಗ ಎಲ್ಲಿ ಸಿಗುತ್ತೆ? ಅದರ ಮೇಲಿನ ಹೆಸರು ಕೈಯಲ್ಲಿ ಬರೆದದ್ದು! ಟೀಚರಮ್ಮ, ಓದಿದವರಾಗಿ ಹೀಗೆ ಹೇಳ್ತೀರಲ್ಲ."

"ಓದಿದ್ದಕ್ಕೇ ಹೇಳ್ತಿದ್ದೀನಿ. ಬಣ್ಣದ ಮೇಲೆ ಯಾರೂ ಕೂರಲ್ಲ ಗ್ವಾಲ್ತಿಯೇರೊ. ಉಕ್ಕಿನ ಮೇಲೆ ಕೂರ್ತಾರೆ."

"ಬಹುಮಾನ ತಪ್ಪಿ ಹೋಗುತ್ತೆ!"

"ಸೈಕಲ್ ಗುದ್ದಿಸಿದಾಗ ಈ ಬಹುಮಾನ ಎಲ್ಲಿತ್ತು ಭಾವ?" ಎಂದಳು ಫೊಸ್ಕಾ. ಆದರೆ ಅವಳ ಕೈಯೂ ಆ ನೀಲಿಯ ಮೇಲೆಯೇ ಇತ್ತು. ಅವಳು ಅದೆಲ್ಮೊನ ಕಡೆ ತಿರುಗಿದಳು. "ನೀನು ಹೇಳೋ."

ಅದೆಲ್ಮೊ ಚಪ್ಪಟೆ ಅಲಗಿನ ಕೆರೆಯುವ ಉಳಿ ಕೈಗೆತ್ತಿಕೊಂಡ. ಫ್ರೇಮಿನ ಹತ್ತಿರ ತಂದ. ಉಳಿಯನ್ನು ಮೇಜಿನ ಮೇಲಿಟ್ಟು, "ಕೆರೀಬೇಕು, ಆದ್ರೆ ನನ್ ಕೈಲಿ ಆಗಲ್ಲ," ಎಂದ.

"ಪುಕ್ಕಲ."

"ಹೌದು."

ಫೊಸ್ಕಾ ಉಳಿ ಕಿತ್ತುಕೊಂಡಳು. "ಭಾವ, ಅತ್ಲಾಗೆ ತಿರುಗಿ," ಎಂದು ಕೆರೆಯತೊಡಗಿದಳು. ನೀಲಿ ಪುಡಿ ಅವಳ ಮಣಿಕಟ್ಟಿನ ಮೇಲೆ ಉದುರಿತು. ಗ್ವಾಲ್ತಿಯೇರೊ ಗೋಡೆಯತ್ತ ತಿರುಗಿ ಆ ಮೆತ್ತನೆಯ ಬಟ್ಟೆಯಿಂದ ಹಣೆ ಒರೆಸಿಕೊಂಡ. ಹೆಬ್ಬೆರಳಿನ ಅಗಲ ಕೆರೆಯುವಷ್ಟರಲ್ಲಿ ಕೆಳಗಿನ ಉಕ್ಕು ಹೊಳೆಯಿತು. ಬಣ್ಣದ ಗೆರೆ ಮಾಯವಾಯಿತು. ಆದರೆ ಬೆಸುಗೆಯ ಅಂಚಿನಲ್ಲಿ ಇನ್ನೊಂದು ಕಪ್ಪು ಗೆರೆ ಉಳಿದೇ ಇತ್ತು.

ಫೊಸ್ಕಾ ಉಳಿಯನ್ನು ಮೇಜಿನ ಮೇಲಿಟ್ಟಳು.

ಇದಕ್ಕೆ ಒಂದು ಉಪಾಯವಿದೆ. ಅದೆಲ್ಮೊಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾವಿಬ್ಬರೂ ಒಟ್ಟಿಗೇ ಬಾಯಿ ತೆರೆದು "ಸೀಮೆಎಣ್ಣೆ" ಎಂದೆವು. ಬಿರುಕಿದ್ದರೆ ಎಣ್ಣೆ ಒಳಗಿಳಿದು ಕೂರುತ್ತದೆ. ಮೇಲಿನದನ್ನು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿದು ಕಾದರೆ, ಒಳಗಿನ ಎಣ್ಣೆ ಹೊರಗೆ ಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಬಿರುಕು ತನ್ನ ಚಿತ್ರವನ್ನು ತಾನೇ ಬರೆದು ತೋರಿಸುತ್ತದೆ. ಸೀಮೆಎಣ್ಣೆ ಅವನಲ್ಲಿತ್ತು. ಸೀಮೆಸುಣ್ಣ ನನ್ನ ಕೈಚೀಲದಲ್ಲಿತ್ತು. ನಿವೃತ್ತಿಯಾದರೂ ಹೋಗದ ಅಭ್ಯಾಸ.

ಕಾಯಬೇಕಾದ ಹೊತ್ತಿಗೆ ನೆರೀನಾ ಹಸಿ ಅವರೆಕಾಯಿಯ ಬುಟ್ಟಿ, ಕುರಿಹಾಲಿನ ಚೀಸ್, ರೊಟ್ಟಿ ತಂದಿಟ್ಟಳು. ಮೇ ತಿಂಗಳ ಎಳೆಯ ಅವರೆಕಾಳನ್ನು ಸುಲಿದು ಹಸಿಯಾಗಿಯೇ ಚೀಸಿನ ಜೊತೆ ತಿನ್ನುವುದಕ್ಕೆ ಸಮನಾದ ಊಟ ಇಲ್ಲ. ನಾವು ನಾಲ್ವರೂ ಫ್ರೇಮಿನ ಸುತ್ತ ಕುಳಿತು, ಕಾಯಿ ಸುಲಿಯುತ್ತ, ಆ ಬಿಳಿ ಪಟ್ಟಿಯನ್ನೇ ನೋಡುತ್ತಿದ್ದೆವು.

"ಸತ್ತವರ ಮನೇಲಿ ಕೂತ ಹಾಗಿದೀರಲ್ರೋ," ಎಂದಳು ನೆರೀನಾ.

"ಸತ್ತವರು ಯಾರು ಅಂತ ಇನ್ನೂ ತೀರ್ಮಾನ ಆಗಿಲ್ಲ," ಎಂದಳು ಫೊಸ್ಕಾ. "ಫ್ರೇಮೋ, ನಮ್ಮ ಭಾವನೋ."

ಗ್ವಾಲ್ತಿಯೇರೊನ ಗಂಟಲಿಗೆ ಕಾಳು ಸಿಕ್ಕಿಕೊಂಡಿತು. ಬೆನ್ನಿಗೆ ಗುದ್ದಿದವಳು ಫೊಸ್ಕಾಳೇ; ಅಗತ್ಯಕ್ಕಿಂತ ಜೋರಾಗಿ, ಅಗತ್ಯಕ್ಕಿಂತ ಹೆಚ್ಚು ಸಲ ಗುದ್ದಿದಳು.

ಬಿಳಿಯ ಮೇಲೆ ಮಸುಕಾದ ಗೆರೆಯೊಂದು ಮೂಡಿತು.

ಫೊಸ್ಕಾ ರೊಟ್ಟಿಯನ್ನು ಕೆಳಗಿಟ್ಟಳು. ಅವಳ ಮುಖದಲ್ಲಿ ಆಗ ಕಂಡ ಖಾಲಿತನವನ್ನು ನಾನು ಹಿಂದೆ ಕಂಡಿರಲಿಲ್ಲ. ಅವಳು ಅಳುವವಳಲ್ಲ. ಕೈಯಲ್ಲಿದ್ದ ಸಿಪ್ಪೆಯನ್ನು ಮಡಚಿ, ಇನ್ನೂ ಚಿಕ್ಕದಾಗಿ ಮಡಚಿ, "ಸರಿ, ಗೋಡೆಗೆ ಹಾಕು," ಎಂದಳು.

ಫ್ರೇಮುಗಳನ್ನು ಗೋಡೆಗೇರಿಸುವುದರಲ್ಲಿ ಅಷ್ಟು ಉತ್ಸಾಹವಿರುವ ಅದೆಲ್ಮೊ ಕುಳಿತಲ್ಲಿಂದ ಏಳಲಿಲ್ಲ. ಕನ್ನಡಕ ಏರಿಸಿ ಬಗ್ಗಿ ನೋಡಿದ. ನಾನೂ ಬಗ್ಗಿದೆ. ಆ ಗೆರೆ ಕೊಳವೆಗೆ ಅಡ್ಡಲಾಗಿ ಓಡಿರಲಿಲ್ಲ. ಬೆಸುಗೆಯ ಅಂಚಿನ ತಿರುವನ್ನೇ ಅನುಸರಿಸಿ, ಅದರ ಜೊತೆಗೇ ಬಾಗಿ, ಅಲ್ಲೇ ನಿಂತಿತ್ತು.

"ಗುದ್ದಿನಿಂದ ಬಂದ ಬಿರುಕು ಇಷ್ಟು ಮರ್ಯಾದೆಯಿಂದ ಅಂಚು ಹಿಡ್ಕೊಂಡು ಹೋಗಲ್ಲ," ಎಂದೆ. "ಇದು ಬೆಸುಗೆಗೆ ಕರಗಿಸಿ ಹಾಕಿದ ಹಿತ್ತಾಳೆಯಲ್ಲಿ ಆಗಲೇ ಉಳಿದ ಸಣ್ಣ ಗುಳಿ ಇರ್ಬೇಕು."

"ಇರ್ಬೇಕು ಅಂದ್ರೆ ಇದೆ ಅಂತಲ್ಲ, ಟೀಚರಮ್ಮ."

"ಅರ ತಗೋ. ಒಂದೆರಡು ಸಲ ಮೆಲ್ಲಗೆ ಉಜ್ಜು. ಹಿತ್ತಾಳೆಯದ್ದಾದ್ರೆ ಮೇಲ್ಗಡೆಯೇ ಮುಗಿಯುತ್ತೆ. ಉಕ್ಕಿನದ್ದಾದ್ರೆ ಮುಗಿಯಲ್ಲ, ಒಳಗೆ ಹೋಗುತ್ತೆ."

ಈ ಸಲ ಅವನೇ ಉಜ್ಜಿದ, ಹಾಲಿನ ಕೆನೆ ತೆಗೆಯುವಷ್ಟು ಹಗುರವಾಗಿ. ಅರದ ಕೆಳಗೆ ಹಳದಿ ಹೊಳಪು ಕಂಡಿತು. ಗೆರೆ ಇರಲಿಲ್ಲ. ಮತ್ತೆ ಸೀಮೆಎಣ್ಣೆ, ಮತ್ತೆ ಸುಣ್ಣ, ಮತ್ತೆ ಅವರೆಕಾಯಿ. ಬುಟ್ಟಿ ಖಾಲಿಯಾಯಿತು. ಬಿಳಿ ಬಿಳಿಯಾಗಿಯೇ ಉಳಿಯಿತು.

ಫೊಸ್ಕಾ ಎದ್ದು ನೆರೀನಾಳ ಸೊಂಟ ಹಿಡಿದು ಸತ್ತ ಫ್ರೇಮುಗಳ ನಡುವೆ ಒಂದು ಸುತ್ತು ಕುಣಿದಳು. ಗ್ವಾಲ್ತಿಯೇರೊ ಕೂಡ ಚಪ್ಪಾಳೆ ಹೊಡೆದ. ಕೆರೆದ ಜಾಗ ಕಣ್ಣಿಗೆ ಬಿದ್ದಾಗ ನಿಲ್ಲಿಸಿದ.

"ಹಾಗಾದ್ರೆ ಗಟ್ಟಿಯಾಗಿದೆ?" ಎಂದು ಕೇಳಿದಳು ಫೊಸ್ಕಾ.

"ಬಿರುಕು ಕಾಣಿಸ್ತಿಲ್ಲ," ಎಂದ ಅದೆಲ್ಮೊ.

"ಅಂದ್ರೆ ಗಟ್ಟಿಯಾಗಿದೆ."

"ಅಂದ್ರೆ ಬಿರುಕು ಕಾಣಿಸ್ತಿಲ್ಲ."

ಅವನ ಮಾತು ತರ್ಕಕ್ಕೆ ಸರಿಯಾಗಿತ್ತು. ಅದನ್ನು ನಾನು ಒಪ್ಪಲೇಬೇಕು. ಕಂಡಿಲ್ಲ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ನಡುವೆ ಒಂದು ಅಂತರವಿದೆ. ಯಾವ ಪರೀಕ್ಷೆಯೂ ಅದನ್ನು ಪೂರ್ತಿ ಮುಚ್ಚುವುದಿಲ್ಲ. ಕೊನೆಯಲ್ಲಿ ಯಾರಾದರೂ ಆ ಅಂತರದ ಮೇಲೆ ಕಾಲಿಡಬೇಕು. ಆದರೆ ಇದನ್ನು ಅದೆಲ್ಮೊ ತರ್ಕಕ್ಕಾಗಿ ಹೇಳಿದ ಎಂದು ನನಗೆ ಅನ್ನಿಸಲಿಲ್ಲ. ಅತ್ತೆ ತಿರುವಿನ ಹೊರ ಅಂಚು ಅವನ ಕಣ್ಣ ಮುಂದೆ ಬಂದಿರಬೇಕು ಎಂದುಕೊಂಡೆ.

ಮುಂದಿನ ದಿನಗಳಲ್ಲಿ ಅವನು ಗೋಡೆಯ ಮೇಲಿನ ಸತ್ತ ಫ್ರೇಮೊಂದರಿಂದ ಅದೇ ಕಾಲದ ಒಳ್ಳೆಯ ಫೋರ್ಕು ಕಳಚಿ, ಸುಣ್ಣದ ಪರೀಕ್ಷೆಗೆ ಒಡ್ಡಿ, ನೀಲಿ ಫ್ರೇಮಿಗೆ ಕೂರಿಸಿದ. ಚಕ್ರವನ್ನು ಹೊಸ ಕಡ್ಡಿ ಹಾಕಿ ನೇರ ಮಾಡಿದ. ಕೆರೆದ ಜಾಗಕ್ಕೆ ತುಕ್ಕು ಹಿಡಿಯದಂತೆ ಬಣ್ಣವಿಲ್ಲದ ವಾರ್ನಿಶ್ ಹಚ್ಚಿದ. ಸೈಕಲ್ಲು ಸಿದ್ಧವಾಯಿತು. ದಾರ ಮಾತ್ರ ಇರಲಿಲ್ಲ.

ಫೊಸ್ಕಾ ಎಂದಿನಂತೆ ಸೆತ್ತೀಮಿಯೊನ ಊರಿಗೆ ಹೋದಳು. ಗೋಡೆಯ ಕಥೆ ಅಲ್ಲಿಗೆ ಅವಳಿಗಿಂತ ಮೊದಲೇ ತಲುಪಿತ್ತು. ಅವನು ವೈನು ಕುಡಿದ, ಸೈಕಲ್ಲಿನ ಬೆನ್ನೂ ತಟ್ಟಿದ, ಆದರೆ ದಾರದ ಉಂಡೆಯನ್ನು ಮಾತ್ರ ಮುಟ್ಟಲಿಲ್ಲ. "ಒಳಗೆ ನೋಡಿದವನು ಅವನು. ಅವನೇ ಕಟ್ಲಿ," ಎಂದು ಕಳಿಸಿಬಿಟ್ಟ.

ಶನಿವಾರ ಫೊಸ್ಕಾ ಅದೆಲ್ಮೊನ ಅಂಗಡಿಯಲ್ಲಿ ಸೈಕಲ್ಲನ್ನು ಅವನ ಕಾಲ ಮೇಲೆಯೇ ಎಂಬಂತೆ ತಂದು ನಿಲ್ಲಿಸಿದಳು. ನಾನೂ ಇದ್ದೆ.

"ಕಟ್ಟೋ."

"ನಾನು ಕಟ್ಟಲ್ಲ, ನಿಂಗೊತ್ತಲ್ಲ."

"ಯಾಕೆ? ನಾನು ಬಂದು ನಿನ್ ಮೇಲೆ ಬೀಳ್ತೀನಿ ಅಂತಾನಾ?"

"ನೀನು ಬೀಳ್ತೀಯ ಅಂತ."

"ಎರಡೂ ಒಂದೇ ಅಲ್ವೇನೋ?"

"ಅಲ್ಲ," ಎಂದ ಅದೆಲ್ಮೊ.

"ನೋಡು ಅದೆಲ್ಮೊ. ಎಪ್ಪತ್ತು ವರ್ಷದಲ್ಲಿ ನಾನು ನಿನ್ನ ಏನೂ ಕೇಳಿಲ್ಲ. ನೀನು ಚಿಕ್ಕವನಿದ್ದಾಗ ಬಾವಿಗೆ ಬೀಳಿಸಿದ ನನ್ನ ಚಪ್ಪಲಿ ಕೂಡ ವಾಪಸ್ ಕೇಳಿಲ್ಲ. ದಾರ ಇದ್ರೆ ನಾನು ಮುಂದೆ ಹೋಗ್ತೀನಿ. ಇಲ್ದಿದ್ರೆ ನಿಮ್ಮನೆ ಕುರ್ಚಿ ಮೇಲೆ ಕೂತು, ನೀನು ಸಾಯೋ ತನಕ ದಿನಾ ಬೈತೀನಿ."

"ಕುರ್ಚಿ ಗಟ್ಟಿಯಿದೆ, ಕೂತ್ಕೊ," ಎಂದಳು ಒಳಗಿನಿಂದ ನೆರೀನಾ.

ಅದೆಲ್ಮೊ ಅಂಗೈಯನ್ನು ಎಣ್ಣೆ ಬಟ್ಟೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. "ಸೈಕಲ್ ಇಲ್ಲೇ ಬಿಟ್ ಹೋಗು. ಬೆಳಿಗ್ಗೆ ಬಾ. ದಾರ ಇದ್ರೆ ಇದೆ, ಇಲ್ದಿದ್ರೆ ಇಲ್ಲ."

"ಇದು ಯಾವ ಸೀಮೆ ಉತ್ತರ?"

"ನನ್ನ ಉತ್ತರ."

ದಾರಿಯಲ್ಲಿ ಫೊಸ್ಕಾ ನನ್ನನ್ನು ಕೇಳಿದಳು, "ಕಟ್ತಾನಾ ಟೀಚರಮ್ಮ?"

"ಇಲ್ಲ," ಎಂದೆ. ವ್ಯಕ್ತಿಯ ಸ್ವಭಾವವನ್ನು ನೋಡಿ ಹೇಳುವ ಮಾತಿಗೆ ಸುತ್ತುಬಳಸು ಬೇಕಾಗಿರಲಿಲ್ಲ.

ಭಾನುವಾರ ಬೆಳಗ್ಗೆ ಚೌಕದಲ್ಲಿ ಇಡೀ ಊರು ಸೇರಿತ್ತು. ಉಣ್ಣೆಯ ಅಂಗಿಗಳಿಂದ ಕರ್ಪೂರದ ಗುಳಿಗೆಯ ವಾಸನೆ ಬರುತ್ತಿತ್ತು. ಗ್ವಾಲ್ತಿಯೇರೊ ಹಳೆಯ ಕಹಳೆಯೊಂದನ್ನು ಊದಲು ಹೋಗಿ ಬರಿಯ ಗಾಳಿ ಊದುತ್ತಿದ್ದ. ಫೊಸ್ಕಾ ಕಂದು ಬಣ್ಣದ ಅಂಗಿ ತೊಟ್ಟು, ಬರಿಗೈಯಲ್ಲಿ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

ನೆರೀನಾ ನೀಲಿ ಸೈಕಲ್ಲನ್ನು ತಳ್ಳಿಕೊಂಡು ಬಂದಳು. ಸೀಟಿನ ಕೆಳಗೆ ಕೆಂಪು ದಾರವಿತ್ತು. ಒಂದೇ ಗಂಟು ಅಲ್ಲ, ಅದೆಲ್ಮೊ ಗಂಟಿನ ಮೇಲೆ ಗಂಟು ಹಾಕಿ ಅದನ್ನು ಅಡಕೆ ಗಾತ್ರ ಮಾಡಿಟ್ಟಿದ್ದ.

ಚೌಕದಲ್ಲಿ ಎದ್ದ ಕೂಗಿಗೆ ಗಂಟೆಗೋಪುರದ ಪಾರಿವಾಳಗಳು ಹಾರಿಹೋದವು. ಕಹಳೆ ಕೂಡ ಆ ಗಳಿಗೆಯಲ್ಲಿ ಕೆಲಸ ಮಾಡಿತು.

ಫೊಸ್ಕಾ ದಾರವನ್ನು ಮುಟ್ಟಿ, ಚಕ್ರವನ್ನು ಮುಟ್ಟಿ, ಬೆರಳು ನೋಡಿಕೊಂಡಳು. "ಚಕ್ರ ಎಲ್ಲ ಧೂಳಾಗಿದೆಯಲ್ಲೇ. ನಿನ್ನೆ ನಾನೇ ಒರೆಸಿಟ್ಟಿದ್ದೆ."

"ನಂಗೇನ್ ಗೊತ್ತು," ಎಂದಳು ನೆರೀನಾ. "ನಾನೇಳೋ ಮುಂಚೆ ಎದ್ದು ಹೋಗಿದ್ದ. ಹೆದರಿಕೆಗೆ ನಿದ್ದೆ ಬಂದಿರಲ್ಲ ಪಾಪ. ಬಂದು, ಸೈಕಲ್ ಬಾಗ್ಲಲ್ಲಿ ನಿಲ್ಸಿ, ಒಯ್ದು ಕೊಡು ಅಂದ. ತಿಂಡಿ ಕೂಡ ತಿನ್ನಲಿಲ್ಲ. ತಿರುವಿಗೆ ಆಗ್ಲೇ ನಡ್ಕೊಂಡು ಹೋದ."

"ತಿರುವಿಗಾ? ಅದೆಲ್ಮೊನಾ?" ಎಂದು ಗ್ವಾಲ್ತಿಯೇರೊ ಕಹಳೆ ಕೆಳಗಿಳಿಸಿದ.

ಸವಾರರು ಹೊರಟರು. ಅವರು ದ್ರಾಕ್ಷಿ ತೋಟಗಳನ್ನು ಸುತ್ತಿ ಬರುವಷ್ಟರಲ್ಲಿ ಗ್ವಾಲ್ತಿಯೇರೊ ನನ್ನನ್ನು ಮೂರು ಚಕ್ರದ ಗಾಡಿಯಲ್ಲಿ ಅತ್ತೆ ತಿರುವಿಗೆ ತಂದು ಬಿಟ್ಟ. ಹಳದಿ ಬಾವುಟ ಹಿಡಿದು ತಿರುವಿನ ಒಳಬದಿಯಲ್ಲಿ ಕುಳಿತು, ಬರುವವರಿಗೆ ಎಚ್ಚರಿಕೆ ತೋರಿಸುವುದು ನನ್ನ ಕೆಲಸ. ಹೊರ ಅಂಚಿನಲ್ಲಿ, ಮೊಣಕಾಲೆತ್ತರ ಬೆಳೆದ ಹುಲ್ಲಿನ ನಡುವೆ ಅದೆಲ್ಮೊ ನಿಂತಿದ್ದ. ಪಕ್ಕದ ಹೊಲದಿಂದ ಒಣಹುಲ್ಲಿನ ಕಟ್ಟುಗಳನ್ನು ಎಳೆದು ತಂದು ತನ್ನ ಮುಂದೆ ಗೋಡೆ ಕಟ್ಟಿಕೊಂಡಿದ್ದ.

"ಕೋಟೆ ಚೆನ್ನಾಗಿದೆ," ಎಂದೆ.

"ಫೊಸ್ಕಾಗೆ, ಟೀಚರಮ್ಮ. ಬಿದ್ರೆ ಮೆತ್ತಗಿರ್ಲಿ ಅಂತ."

"ಹಾಗಾದ್ರೆ ನೀನು ಅದರ ಹಿಂದೆ ಯಾಕೆ ನಿಂತಿದೀಯ?"

ಅವನು ಇನ್ನೊಂದು ಕಟ್ಟನ್ನು ಮುಂದಕ್ಕೆ ಎಳೆದುಕೊಂಡ. ಉಳಿದ ಸೈಕಲ್ಲುಗಳಿಗೆ ದಾರ ಕಟ್ಟಿದ್ದ ಸೆತ್ತೀಮಿಯೊ ಅವನಿಂದ ಸ್ವಲ್ಪ ದೂರದಲ್ಲಿ ಸಿಳ್ಳೆ ಹಾಕುತ್ತ ನಿಂತಿದ್ದ. "ಅದೆಲ್ಮೊ, ಬೆವರ್ತಿದೀಯಲ್ಲೋ, ಮಳೆ ಬಂತಾ ನಿಮ್ಮ ಕಡೆ?" ಎಂದು ಕೂಗಿದ. ಅದೆಲ್ಮೊ ತೋಳಿನಿಂದ ಹಣೆ ಒರೆಸಿಕೊಂಡ.

ಮೇಲಿನ ತಿರುವಿನಲ್ಲಿ ಧೂಳು ಎದ್ದಿತು. ಅದರ ಮುಂದೆ ಒಂದು ನೀಲಿ ಚುಕ್ಕೆ. ಫೊಸ್ಕಾ ಹ್ಯಾಂಡಲಿನ ಮೇಲೆ ಮೈ ಬಗ್ಗಿಸಿ, ಬಿಳಿ ಕೂದಲನ್ನು ಗಾಳಿಗೆ ಬಿಟ್ಟು, ಬಾಯಿ ತೆರೆದು ಏನೋ ಕೂಗುತ್ತ ಇಳಿಯುತ್ತಿದ್ದಳು. ಎಲ್ಲರೂ ಬ್ರೇಕು ಹಿಡಿಯುವ ಜಾಗದಲ್ಲಿ ಅವಳು ಹಿಡಿಯಲಿಲ್ಲ. ಅಲ್ಲಿ ಹಿಡಿದರೆ ಜಲ್ಲಿ ಚಕ್ರವನ್ನು ಕಸಿದುಕೊಳ್ಳುತ್ತದೆ. ಅಂಚೆಯ ಚೀಲ ಹೊತ್ತು ಕಲಿತ ಪಾಠ ಅದು. ನಾನು ಬಾವುಟ ಬೀಸಿದೆ. ಅದೆಲ್ಮೊ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ.

"ಕಣ್ಣು ಬಿಡೋ ಅದೆಲ್ಮೋ!" ಎಂದು ಕೂಗುತ್ತ ಫೊಸ್ಕಾ ಮೈಯನ್ನು ಒಳಕ್ಕೆ ವಾಲಿಸಿ, ಅವನ ಹುಲ್ಲಿನ ಕೋಟೆಗೆ ಜಲ್ಲಿ ಎರಚಿ, ತಿರುವು ದಾಟಿ ಹೋದಳು. ಸೀಟಿನ ಕೆಳಗೆ ಕೆಂಪು ಗಂಟು ಒಂದು ಕ್ಷಣ ಕಂಡು ಮರೆಯಾಯಿತು. ಅವಳ ಹಿಂದೆ ಉಳಿದವರು ಬಂದರು, ಬ್ರೇಕುಗಳು ಹಂದಿಮರಿಗಳ ಹಾಗೆ ಕಿರುಚಿದವು, ಧೂಳು ನಮ್ಮನ್ನೆಲ್ಲ ಮುಚ್ಚಿತು. ಕೆಳಗೆ ಸೇತುವೆಯ ಹತ್ತಿರ ಚಪ್ಪಾಳೆ, ಸಿಳ್ಳೆ, ಗ್ವಾಲ್ತಿಯೇರೊನ ಕಹಳೆ. ಫೊಸ್ಕಾಳ ನಗು ಅವೆಲ್ಲವನ್ನೂ ದಾಟಿ ಮೇಲಕ್ಕೆ ಬರುತ್ತಿತ್ತು.

"ಮುಗೀತು," ಎಂದೆ. "ಈಗ ಕಣ್ಣು ಬಿಡಬಹುದು."

"ಧೂಳಿಗೆ ಮುಚ್ಚಿದ್ದೆ."

"ಧೂಳು ಬರೋ ಮುಂಚೇನೇ ನೀನು ಮುಚ್ಚಿದ್ದೆ."

ಅವನು ನಕ್ಕ. ಹುಲ್ಲಿನಿಂದ ಹೊರಬಂದು ಜಲ್ಲಿಯ ದಾರಿಗೆ ಕಾಲಿಟ್ಟ. ಎಡಗಾಲಿನ ಪ್ಯಾಂಟು ಎಂದಿನಂತೆ ಗಾಳಿಗೆ ಪಟಪಟ ಹಾರುತ್ತಿತ್ತು. ಬಲಗಾಲಿನದು ಹಾರುತ್ತಿರಲಿಲ್ಲ. ಅದು ಕಣಕಾಲಿಗೆ ಒತ್ತಿಕೊಂಡಿತ್ತು. ಒತ್ತಿ ಹಿಡಿದದ್ದು ಉಕ್ಕಿನ ಕ್ಲಿಪ್ಪು. ಅದರ ಕೆಳಗೆ ಕಾಲುಚೀಲದ ಮೇಲೆ ಚೈನಿನ ಎಣ್ಣೆಯ ಹಸಿ ಕಲೆ. ನಡೆದು ಬರುವವನ ಕಾಲಿಗೆ ಕ್ಲಿಪ್ಪು ಬೇಕಿಲ್ಲ. ಬೆಳಗ್ಗೆ ನೀಲಿ ಸೈಕಲ್ಲಿನ ಚಕ್ರಕ್ಕೆ ಅಂಟಿದ್ದ ಧೂಳು ನನಗೆ ನೆನಪಾಯಿತು.

ನಾನು ನೋಡುತ್ತಿರುವುದನ್ನು ಅವನು ನೋಡಿದ. ಬಗ್ಗಿ ಕ್ಲಿಪ್ಪನ್ನು ತೆಗೆದು ಜೇಬಿಗೆ ಹಾಕಿಕೊಂಡು, "ಸೇತುವೆ ಹತ್ರ ಅವರೆಕಾಯಿ ಖಾಲಿಯಾಗ್ಬಿಡುತ್ತೆ ಟೀಚರಮ್ಮ, ಬನ್ನಿ," ಎಂದ.